ಮಧ್ಯಾಹ್ನದ ಕಟ್ಟು

ಅವರ ಬಲಗೈಯ ಹೆಬ್ಬೆರಳಿಗೂ ಉಳಿದ ನಾಲ್ಕು ಬೆರಳುಗಳಿಗೂ ಸಂಬಂಧವೇ ಇಲ್ಲದ ಹಾಗಿತ್ತು. ಉಗುರು ಚಪ್ಪಟೆಯಾಗಿ ಅಗಲಕ್ಕೆ ಹರಡಿ, ಒಣ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ತುದಿಯ ಚರ್ಮ ಹೊಳೆಯ ಕಲ್ಲಿನಷ್ಟು ನುಣುಪು. ಒಂದು ಗೆರೆಯೂ ಉಳಿದಿರಲಿಲ್ಲ. ಪಡಿತರ ಅಂಗಡಿಯ ಬೆರಳಚ್ಚಿನ ಯಂತ್ರ ತಿಂಗಳು ತಿಂಗಳೂ ಅದನ್ನು ಒಪ್ಪುತ್ತಿರಲಿಲ್ಲ. "ಇಷ್ಟು ವರ್ಷ ನಾನು ಊರವರದ್ದನ್ನೆಲ್ಲ ತಳ್ಳಿದೆ. ಈಗ ಮಿಷನ್ ನನ್ನನ್ನು ತಳ್ತದೆ" ಎಂದು ಸಾಲಿನಲ್ಲಿ ನಿಂತವರಿಗೆ ಕೇಳುವ ಹಾಗೆ ಹೇಳಿ, ಎಡಗೈಯ ಬೆರಳು ಒತ್ತಿ ಅಕ್ಕಿ ತರುತ್ತಿದ್ದರು.

ತಳ್ಳುವುದೇ ಅವರ ಕೆಲಸವಾಗಿತ್ತು. ವಿಟ್ಲದಿಂದ ಕನ್ಯಾನಕ್ಕೆ ಹೋಗುವ ದಾರಿಯಲ್ಲಿ, ರಸ್ತೆಗೆ ತಾಗಿಕೊಂಡೇ ಬೀಡಿ ಕಂಪೆನಿಯ ಒಂದು ಬ್ರಾಂಚು ಇದೆ. ಸುತ್ತಲಿನ ಗುಡ್ಡಗಳ ಹೆಂಗಸರು ಅಲ್ಲಿಂದ ಎಲೆ, ಹೊಗೆಸೊಪ್ಪು ಒಯ್ದು ಮನೆಯಲ್ಲಿ ಬೀಡಿ ಕಟ್ಟಿ, ಇಪ್ಪತ್ತೈದರ ಒಂದೊಂದು ಕಟ್ಟು ಮಾಡಿ, ವಾರಕ್ಕೆ ಮೂರು ದಿನ ಅಲ್ಲಿಗೆ ತರುತ್ತಾರೆ. ಬಂದ ಕಟ್ಟನ್ನು ಎರಡು ಬೆರಳ ನಡುವೆ ಒತ್ತಿ ನೋಡಿ, ಗಟ್ಟಿಯಿದ್ದರೆ ಒಳಗೆ ತೆಗೆದುಕೊಳ್ಳುವವರು, ಸಡಿಲವಿದ್ದರೆ ಪಕ್ಕಕ್ಕೆ ತಳ್ಳುವವರು ಚೆಕ್ಕರ್. ತಳ್ಳಿದ್ದನ್ನು ಮನೆಗೆ ಒಯ್ದು, ಬಿಚ್ಚಿ, ಪುನಃ ಕಟ್ಟಿ ತರಬೇಕು. ಊರಿನ ಹೆಂಗಸರು ಆ ಹೆಬ್ಬೆರಳಿಗೆ ಹೆದರುತ್ತಿದ್ದರು. ಅದರ ಯಜಮಾನನನ್ನು ತಮಾಷೆ ಮಾಡುತ್ತಿದ್ದರು. ಎಲ್ಲರ ಬಾಯಲ್ಲಿ ಅವರು ಚೆಕ್ಕರಣ್ಣ.

"ಚೆಕ್ಕರಣ್ಣ, ಮನೆಯಲ್ಲಿ ಹೆಂಡತಿ ಮಾಡಿದ ಕಡುಬನ್ನೂ ಹೀಗೇ ಒತ್ತಿ ನೋಡ್ತೀರಾ?"

"ಒತ್ತಿ ನೋಡ್ತೇನೆ ಮಾರಾಯ್ತಿ. ತಳ್ಳಲಿಕ್ಕೆ ಧೈರ್ಯ ಇಲ್ಲ."

ಮಾತಾಡುವಾಗ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಟ್ಟಿನ ಜೊತೆಗೇ ಮಾತು. ಒಂದು ಕಟ್ಟನ್ನು ಒತ್ತಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ, "ಇದಕ್ಕೆ ನಿನ್ನೆ ನಿದ್ದೆ ಇರಲಿಲ್ಲವಾ?" ಎಂದು ಕಟ್ಟನ್ನೇ ಕೇಳುವರು. ಮೇಜಿನ ಆಚೆ ನಿಂತವಳು, "ಇಲ್ಲ ಅಣ್ಣ, ದೊಡ್ಡವನಿಗೆ ಜ್ವರ" ಎನ್ನುವಳು. "ಇದು ಯಾರ ಮೇಲೆ ಸಿಟ್ಟು ಮಾಡಿಕೊಂಡಿದೆ? ಕಲ್ಲಿನ ಹಾಗೆ ಉಂಟು." ಅದಕ್ಕೆ ಉತ್ತರವಾಗಿ ನಗು ಬರುತ್ತಿತ್ತು. ಅದು ಅವರ ತಮಾಷೆಯ ರೀತಿ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಪರ ಹೆಂಗಸರ ಮನೆಯ ಸುದ್ದಿ ಕೇಳಲು ಸಂಕೋಚವಿದ್ದ ಗಂಡಸು ಕಂಡುಕೊಂಡ ಉಪಾಯ ಅದು ಎಂದು ತಿಳಿದದ್ದು ತಡವಾಗಿ.

ನನ್ನ ಅಮ್ಮ ಅದೇ ಬ್ರಾಂಚಿಗೆ ಮೂವತ್ತು ವರ್ಷಕ್ಕಿಂತ ಹೆಚ್ಚು ಬೀಡಿ ಕಟ್ಟಿದವರು. ಅವರ ಒಂದು ಕಟ್ಟೂ ತಳ್ಳಲ್ಪಟ್ಟದ್ದಿಲ್ಲ. ನಮ್ಮ ಮನೆಯಲ್ಲಿ ಹೆಮ್ಮೆಯ ವಿಷಯ ಎಂದು ಇದ್ದದ್ದು ಅದೊಂದೇ. ಆ ಬೀಡಿಯ ಬಲದಲ್ಲಿ ನಾನು ಮೂಡುಬಿದಿರೆಯಲ್ಲಿ ಕಾಲೇಜು ಓದಿದೆ. ಅಲ್ಲೇ ಒಂದು ಪತ್ರಿಕೆಯ ವರದಿಗಾರನಾದೆ. ನಾನು ಪತ್ರಿಕೆಗೆ ಸೇರಿದ ದಿನದಿಂದ ಚೆಕ್ಕರಣ್ಣ ನನ್ನನ್ನು 'ನೀವು' ಎನ್ನತೊಡಗಿದರು. "ಬೇಡ ಅಣ್ಣ" ಎಂದರೆ, "ಪೇಪರಿನವರಿಗೆ ಮರ್ಯಾದೆ ಕೊಡದಿದ್ದರೆ ನಾಳೆ ಎಂತೆಲ್ಲ ಬರೀತೀರೋ" ಎಂದು ನಗುವರು. ಬೀಡಿಯನ್ನು ಅವರು ಒಳ್ಳೆಯ ವಸ್ತುವೆಂದು ಹೇಳಿದ್ದು ನಾನು ಕೇಳಿಲ್ಲ. ಒಂದನ್ನೂ ಸೇದಿದವರಲ್ಲ. ಆದರೂ ಸೇದುವವರಿಗಿಂತ ಹೆಚ್ಚು ಕೆಮ್ಮುತ್ತಿದ್ದರು.

ಎರಡು ವರ್ಷದ ಹಿಂದಿನ ಆಟಿ ತಿಂಗಳು, ಜಡಿಮಳೆಯ ಕಾಲ. ನನ್ನ ತಮ್ಮನಿಗೆ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ. ಮಳೆಗಾಲದಲ್ಲಿ ಕೋರೆಗೆ ನೀರು ತುಂಬಿ ಕೆಲಸ ನಿಲ್ಲುತ್ತದೆ. ಆಗ ಮನೆ ನಡೆಯುವುದು ಬೀಡಿಯಿಂದ. ತಮ್ಮನ ಹೆಂಡತಿ ಹೆತ್ತು ಐದು ತಿಂಗಳಾಗಿತ್ತು. ಹೊಟ್ಟೆ ಕೊಯ್ದು ಮಗುವನ್ನು ತೆಗೆದದ್ದು. ಹೆಣ್ಣು ಮಗು. ನಾನು ಎರಡು ಸಲ ಹೋಗಿ ನೋಡಿ ಬಂದಿದ್ದೆ.

ಆ ದಿನ ಮಧ್ಯಾಹ್ನದ ಮೇಲೆ ನಾನು ಕಚೇರಿಯಲ್ಲಿದ್ದೆ. ತಾಯಂದಿರ ಪೌಷ್ಟಿಕ ಆಹಾರದ ಬಗ್ಗೆ ವಿದ್ಯಾರ್ಥಿಗಳು ನಡೆಸಿದ ಜಾಥಾದ ಸುದ್ದಿ ತಿದ್ದುತ್ತಿದ್ದೆ. ಹಸಿರು ತರಕಾರಿ, ಬೇಳೆ, ಮೊಟ್ಟೆ ಎಂದು ಯಾವ ವರ್ಷಕ್ಕೂ ಹೊಂದುವ ಸಾಲುಗಳು. ತಲೆಬರಹ ಕೂಡ ಹಳೆಯದೇ. ಆಗ ಫೋನ್ ಬಂತು. ಚೆಕ್ಕರಣ್ಣ ನನಗೆ ಫೋನ್ ಮಾಡಿದ್ದು ಅದೇ ಮೊದಲು.

"ನೀನು ಒಮ್ಮೆ ಮನೆಗೆ ಬಂದು ಹೋಗು."

'ನೀನು' ಎಂದದ್ದು ನನಗೆ ಕೂಡಲೇ ತಟ್ಟಿತು. "ಅಮ್ಮನಿಗೆ ಎಂತಾದ್ರೂ ಆಯ್ತಾ ಅಣ್ಣ?"

"ಅಮ್ಮ ಚೆನ್ನಾಗಿದ್ದಾರೆ. ನಿನ್ನ ತಮ್ಮನ ಹೆಂಡತಿಯ ಕಟ್ಟು ಸಡಿಲ ಬರ್ತಾ ಉಂಟು."

ನನಗೆ ಸಮಾಧಾನವಾಯಿತು. "ಅಷ್ಟೇಯಾ? ಮಳೆಗೆ ಎಲೆ ಮೆತ್ತಗಾಗಿರಬೇಕು. ತಳ್ಳಿಬಿಡಿ, ನಾನು ಅಮ್ಮನಿಗೆ ಹೇಳ್ತೇನೆ."

"ತಳ್ಳಿಲ್ಲ" ಎಂದರು. ಸ್ವಲ್ಪ ಹೊತ್ತು ಕೆಮ್ಮಿದರು. "ತಳ್ಳುವುದಾದರೆ ನಿನಗೆ ಯಾಕೆ ಫೋನ್ ಮಾಡ್ಲಿ? ಬಾ."

ಹೋಗುತ್ತೇನೆ ಎಂದೆ. ಹೋದದ್ದು ನಾಲ್ಕು ದಿನ ಬಿಟ್ಟು, ನನ್ನ ವಾರದ ರಜೆಗೆ. ಆ ನಾಲ್ಕು ದಿನ ನಾನು ಬರೆದ ಸುದ್ದಿಗಳಲ್ಲಿ ಒಂದೂ ನನಗೆ ಈಗ ನೆನಪಿಲ್ಲ.

ಮೂಡುಬಿದಿರೆಯಿಂದ ನಮ್ಮೂರಿಗೆ ಬಸ್ಸು ಬದಲಿಸಿಕೊಂಡು ಹೋಗಬೇಕು. ಬ್ರಾಂಚಿನ ಎದುರೇ ಇಳಿದೆ. ಚೆಕ್ಕರಣ್ಣ ನನ್ನನ್ನು ಕಂಡು ಬೆಂಚಿನ ಕಡೆ ಕೈ ತೋರಿಸಿದರು. ಕೈಯಲ್ಲಿದ್ದ ಬುಟ್ಟಿ ಮುಗಿಸಿ, ಒಳಗಿನ ಕೋಣೆಗೆ ಕರೆದು, ಕಪಾಟಿನಿಂದ ಕಾಗದದಲ್ಲಿ ಸುತ್ತಿಟ್ಟ ಕಟ್ಟುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ನಿಮ್ಮ ಮನೆಯ ಬುಟ್ಟಿ ಒಂದೇ. ತರುವುದು ಅಮ್ಮ. ಆದರೆ ಒಳಗೆ ಎರಡು ಕೈ ಉಂಟು. ಅಮ್ಮನ ಕಟ್ಟಿನ ದಾರ ಬಲಕ್ಕೆ ಮುಗೀತದೆ, ಸೊಸೆಯದ್ದು ಎಡಕ್ಕೆ. ಇದು ಸೊಸೆಯದ್ದು. ಕಟ್ಟಿದ ಹಾಗೆಯೇ ಸಾಲಿನಲ್ಲಿ ಇಡ್ತಾಳೆ, ಅಚ್ಚುಕಟ್ಟು ಹುಡುಗಿ. ಇದು ಬೆಳಿಗ್ಗಿನದ್ದು. ಒತ್ತು."

ಒತ್ತಿದೆ. ಗಟ್ಟಿಯಿತ್ತು.

"ಇದು ಹತ್ತು ಗಂಟೆಯದ್ದು ಇರಬೇಕು. ಇದು ಮಧ್ಯಾಹ್ನದ್ದು."

ಮೂರನೆಯದು ನನ್ನಂಥವನ ಬೆರಳಿಗೂ ತಿಳಿಯುವಷ್ಟು ಸಡಿಲವಿತ್ತು. ಒತ್ತಿದಲ್ಲಿ ತಗ್ಗಿತು. ಮೇಜಿನ ಮೇಲೆ ಹೊಗೆಸೊಪ್ಪಿನ ಪುಡಿ ಉದುರಿತು.

"ಎಲೆಯ ತಪ್ಪಾದರೆ ಬೆಳಿಗ್ಗಿನದ್ದೂ ಮೆತ್ತಗೆ ಬರಬೇಕಲ್ಲ? ಇದು ಎಲೆಯಲ್ಲ. ಕೈ ಸೋಲುವುದು. ಮೊದಲು ಸಂಜೆಗೆ ಸೋಲ್ತಾ ಇತ್ತು. ಈಗ ಮಧ್ಯಾಹ್ನಕ್ಕೇ ಸೋಲ್ತದೆ. ಮಗುವಿಗೆ ಹಾಲು ಕೊಡುವವಳು."

ಅವರು ಕಿಟಕಿಯ ಹೊರಗೆ ನೋಡುತ್ತಾ ಇದ್ದರು. ಬಳಿಕ ಹೇಳಿದ್ದನ್ನು ನಾನು ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ. ಇದು ಅವರು ಹೇಳಿದ್ದು. ವೈದ್ಯರನ್ನು ಕೇಳಿ ನಾನು ಖಚಿತಪಡಿಸಿಕೊಂಡದ್ದಲ್ಲ.

"ತುಂಬ ವರ್ಷದ ಹಿಂದೆ ಒಬ್ಬಳು ಇದ್ದಳು. ಅವಳ ಕಟ್ಟು ಒತ್ತಿದರೆ ನನ್ನ ಬೆರಳೇ ಹಿಂದೆ ಬರ್ತಿತ್ತು, ಅಷ್ಟು ಗಟ್ಟಿ. ಮದುವೆಯಾಯ್ತು. ಬಸುರಿಯಾದಳು. ಏಳನೇ ತಿಂಗಳಲ್ಲಿ ಸಡಿಲ ಬರ್ಲಿಕ್ಕೆ ಶುರುವಾಯ್ತು. ಉದಾಸೀನ ಅಂತ ತಿಳಿದೆ ನಾನು. ಗಂಡ ಬಂದ ಮೇಲೆ ಸೋಮಾರಿಯಾದಳು ಅಂತ ಎಲ್ಲರ ಎದುರು ಹೇಳಿದೆ ಕೂಡ. ಮೂರು ವಾರ ತಳ್ಳಿದೆ. ಅವಳು ತಳ್ಳಿದ್ದನ್ನೂ ಬಿಚ್ಚಿ ಕಟ್ಟಿ, ಅದರ ಮೇಲೆ ಹೊಸದ್ದನ್ನೂ ಕಟ್ಟಿ ತಂದಳು. ಒಂದು ಮಾತು ಆಡಲಿಲ್ಲ. ನಾಲ್ಕನೇ ವಾರ ಬರ್ಲಿಲ್ಲ. ಮಗು ಬೇಗ ಹುಟ್ಟಿತು. ಇಷ್ಟು" ಎಂದು ಅಂಗೈ ತೋರಿಸಿದರು. "ಎಂಟು ದಿನ ಇತ್ತು."

ಹೊರಗಿನಿಂದ ಯಾರೋ "ಚೆಕ್ಕರಣ್ಣಾ" ಎಂದು ಕರೆದರು. ಅವರು ಬಾಗಿಲು ಎಳೆದುಕೊಂಡರು.

"ಮೈಯಲ್ಲಿ ರಕ್ತವೇ ಇರಲಿಲ್ಲವಂತೆ. ಗಂಜಿ, ಉಪ್ಪಿನಕಾಯಿ ಬಿಟ್ಟರೆ ಬೇರೆ ತಿಂದದ್ದಿಲ್ಲವಂತೆ. ಅದು ನನ್ನ ಹೆಬ್ಬೆರಳಿಗೆ ಮೂರು ವಾರ ಮೊದಲೇ ಗೊತ್ತಾಗಿತ್ತು. ನನಗೆ ಗೊತ್ತಾಗಲಿಲ್ಲ."

ಅಂದಿನಿಂದ ಅವರು ಬಸುರಿಯರ, ಬಾಣಂತಿಯರ ಕಟ್ಟು ಸಡಿಲ ಬಂದರೆ ತಳ್ಳದೆ ಬೇರೆ ಇಡುತ್ತಿದ್ದರು. ಅಂಗನವಾಡಿ ಟೀಚರ್ ಬಸ್ಸಿಗೆ ಕಾಯಲು ಬ್ರಾಂಚಿನ ಜಗಲಿಗೆ ಬಂದಾಗ, "ಗುಡ್ಡೆಯ ಮೇಲಿನ ಮನೆಯ ಕಟ್ಟು ಸರಿಯಿಲ್ಲ ಟೀಚರ್" ಎಂದಷ್ಟೇ ಹೇಳುತ್ತಿದ್ದರು. ಟೀಚರಿಗೆ ಅಷ್ಟು ಸಾಕಿತ್ತು. ಎಷ್ಟು ಮನೆಗಳಿಗೆ ಹೀಗೆ ಹೋಗಿದ್ದಾರೆಂದು ಇಬ್ಬರೂ ಲೆಕ್ಕ ಇಟ್ಟಿಲ್ಲ.

"ನಮ್ಮ ಮನೆಗೂ ಹಾಗೇ ಟೀಚರನ್ನು ಕಳಿಸಬಹುದಿತ್ತಲ್ಲ?"

"ಕಳಿಸಿದ್ದೆ. ಎರಡು ಸಲ. ನಿನ್ನ ಅಮ್ಮ ಚಾ ಕೊಟ್ಟು ವಾಪಸು ಕಳಿಸಿದ್ದಾರೆ. ನಾನು ಹೋಗಿ, ನಿಮ್ಮ ಸೊಸೆಗೆ ಊಟಕ್ಕೆ ಎಂತ ಕೊಡ್ತೀರಿ ಅಂತ ಕೇಳಲಿಕ್ಕಾಗ್ತದಾ? ಊರಿನಲ್ಲಿ ಎಂತ ಹೇಳಿಯಾರು? ನೀನು ಮನೆಯ ಮಗ. ನೀನು ಕೇಳು."

ಮನೆಗೆ ಹೋದೆ. ಜಗಲಿಯಲ್ಲಿ ತಮ್ಮನ ಹೆಂಡತಿ ಕಾಲು ಚಾಚಿ ಕುಳಿತು, ಎಲೆ ಮತ್ತು ಹೊಗೆಸೊಪ್ಪಿನ ಗೆರಸೆಯನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ನನ್ನನ್ನು ಕಂಡು, "ಬನ್ನಿ ಭಾವ" ಎಂದು ಏಳಲು ಹೋದವಳು ಗೋಡೆ ಹಿಡಿದು ನಿಂತಳು. ಮಗು ಸೀರೆಯ ತೊಟ್ಟಿಲಲ್ಲಿತ್ತು. ನಿದ್ದೆ ಮಾಡುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಕಣ್ಣು ಬಿಟ್ಟು ಮಾಡಿನ ಹಂಚನ್ನು ನೋಡುತ್ತಿತ್ತು.

"ನೋಡು, ಎಷ್ಟು ಒಳ್ಳೆ ಮಗು" ಎಂದರು ಅಮ್ಮ. "ಅಳುವುದೇ ಇಲ್ಲ. ನೀನು ಇಷ್ಟಿರುವಾಗ ಮೂರು ಮನೆಗೆ ಕೇಳ್ತಿತ್ತು."

ತೊಟ್ಟಿಲ ಪಕ್ಕದಲ್ಲಿ ಒಂದು ಹಾಲಿನ ಬಾಟಲಿ. ಒಳಗಿದ್ದದ್ದು ಹಾಲಲ್ಲ, ಗಂಜಿಯ ತಿಳಿ. ಗೆರಸೆ ತೊಡೆಯ ಮೇಲಿದ್ದರೆ ಮಗುವಿಗೆ ಅಲ್ಲಿ ಜಾಗವಿಲ್ಲ. ಸಲಸಲಕ್ಕೂ ಗೆರಸೆ ಇಳಿಸಿ ಹಾಲು ಕೊಡುವುದರ ಬದಲು ನಡುವೆ ಎರಡು ಸಲ ತಿಳಿ ಕುಡಿಸಿದರೆ ಹೊಟ್ಟೆ ತುಂಬಿ ಮಗು ಸುಮ್ಮನಿರುತ್ತದೆ ಎಂಬುದು ಅಮ್ಮನ ಏರ್ಪಾಡು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ನನ್ನನ್ನೂ ತಮ್ಮನನ್ನೂ ಅವರು ಹಾಗೆಯೇ ಸಾಕಿದ್ದರು.

ಊಟಕ್ಕೆ ಕುಳಿತಾಗ ಸೊಸೆಯ ಬಟ್ಟಲು ನೋಡಿದೆ. ಅನ್ನ, ಕರಿಮೆಣಸಿನ ಸಾರು, ಒಂದು ತುಂಡು ಹುರಿದ ಹಪ್ಪಳ. ನಮಗೆ ಬೇಳೆ ಹಾಕಿದ ಹರಿವೆ ಸೊಪ್ಪಿನ ಪದಾರ್ಥವೂ ಇತ್ತು.

"ಅವಳಿಗೆ ಇದು ಯಾಕಿಲ್ಲ?"

"ನಂಜಾಗ್ತದೆ. ಹೊಟ್ಟೆ ಕೊಯ್ದದ್ದು."

"ಅಮ್ಮ, ಐದು ತಿಂಗಳಾಯ್ತು."

"ಐದು ತಿಂಗಳಾದರೆ ಎಂತ? ಗಾಯ ಒಳಗೆ ಉಂಟು. ಬೇಳೆ ನಂಜು, ಬದನೆ ನಂಜು, ಬಂಗುಡೆ ನಂಜು. ಮೊಟ್ಟೆಯಂತೂ ಕೇಳುವುದೇ ಬೇಡ. ಅಂಗನವಾಡಿಯವರು ತಂದು ಕೊಡ್ತಾರೆ. ನಿನ್ನ ತಮ್ಮ ತಿಂತಾನೆ. ಅವಳ ಹೊಲಿಗೆ ಬಿಚ್ಚಿದರೆ ನೀನು ಬರ್ತೀಯಾ ಮೂಡುಬಿದಿರೆಯಿಂದ?"

ನಾನು ಬಾಣಂತಿಯ ಆಹಾರದ ಬಗ್ಗೆ ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಹೇಳುವಾಗಲೇ ಅವು ನಾನು ತಿದ್ದಿದ ಸುದ್ದಿಯ ಸಾಲುಗಳು ಎಂದು ತಿಳಿಯುತ್ತಿತ್ತು. ಅಮ್ಮ ಪೂರ್ತಿ ಕೇಳಿದರು. "ಪೇಪರಿನ ಭಾಷೆ ಪೇಪರಿನಲ್ಲಿರಲಿ ಮಗ" ಎಂದು ನನ್ನ ಬಟ್ಟಲಿಗೆ ಇನ್ನೊಂದು ಸೌಟು ಪದಾರ್ಥ ಬಡಿಸಿದರು. ಸೊಸೆ ತಲೆ ತಗ್ಗಿಸಿ ಸಾರನ್ನ ಕಲಸುತ್ತಿದ್ದಳು. ಅವಳನ್ನು ನೇರವಾಗಿ ಏನು ಕೇಳಬೇಕೆಂದು ನನಗೂ ತಿಳಿಯಲಿಲ್ಲ. ಹೆಂಡತಿಯಿಲ್ಲದ ಭಾವ, ಹಾಲು ಬರುತ್ತದೆಯೇ ಎಂದು ಕೇಳುವುದು ಹೇಗೆ?

ರಜೆಯನ್ನು ಒಂದು ದಿನ ಮುಂದುವರಿಸಿದೆ. ಮರುದಿನ ಬೆಳಿಗ್ಗೆ, ಅಮ್ಮನ ಗೊಣಗಾಟದ ನಡುವೆ, ನಾನು, ತಮ್ಮ, ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಇಳಿದೆವು. ಟೀಚರ್ ಮಗುವನ್ನು ತಕ್ಕಡಿಯಲ್ಲಿ ಮಲಗಿಸಿ, ಮಗುವಿನ ಕಾರ್ಡಿನಲ್ಲಿ ಒಂದು ಚುಕ್ಕೆ ಹಾಕಿದರು. ಮತ್ತೆ ಕಾರ್ಡನ್ನು ನನ್ನ ಕಡೆ ತಿರುಗಿಸಿದರು. ಎರಡು ತಿಂಗಳ ಹಿಂದಿನ ಚುಕ್ಕೆ ಎಷ್ಟು ಎತ್ತರದಲ್ಲಿತ್ತೋ ಹೊಸ ಚುಕ್ಕೆಯೂ ಅಷ್ಟೇ ಎತ್ತರದಲ್ಲಿತ್ತು. ವಯಸ್ಸಿಗೆ ಇರಬೇಕಾದ ತೂಕ ತೋರಿಸಲು ಕಾರ್ಡಿನ ಮೇಲೆ ಅಚ್ಚಾದ ಗೆರೆ ಮಾತ್ರ ಮೇಲೆ ಮೇಲೆ ಹೋಗಿತ್ತು.

"ಬಾಟಲಿ ಇವತ್ತೇ ಬಿಸಾಡಿ. ಆರು ತಿಂಗಳು ತುಂಬುವ ತನಕ ತಾಯಿಯ ಹಾಲು, ಕೇಳಿದಾಗೆಲ್ಲ. ತಾಯಿಗೆ ಊಟ ಬೇಕು. ರಕ್ತ ಪರೀಕ್ಷೆ ಮಾಡಿಸಿ. ಎರಡು ವಾರದಲ್ಲಿ ತೂಕ ಏರದಿದ್ದರೆ ಮಂಗಳೂರಿಗೆ ಕರ್ಕೊಂಡು ಹೋಗಿ ಅಡ್ಮಿಟ್ ಮಾಡಬೇಕಾಗ್ತದೆ" ಎಂದರು ಟೀಚರ್. ನನ್ನ ತಮ್ಮ ಆ ಕಾರ್ಡನ್ನು ತೆಗೆದುಕೊಂಡು, ಅರ್ಥವಾಗದವನಂತೆ ತಲೆಕೆಳಗೆ ಹಿಡಿದು ನೋಡಿದ.

ಅದೇ ದಿನ ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಚೆಕ್ಕರಣ್ಣನ ಹೆಬ್ಬೆರಳು ಹೇಳಿದ್ದನ್ನೇ ಆ ಚೀಟಿಯೂ ಹೇಳಿತು. ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಬಾಟಲಿಯನ್ನು ತಮ್ಮನೇ ಬಿಸಾಡಿದ. ಆದರೆ ಊಟದ ವಿಷಯದಲ್ಲಿ ಅಮ್ಮ ಅಲುಗಲಿಲ್ಲ. "ಮಾತ್ರೆ ತಿನ್ನಲಿ. ಮೊಟ್ಟೆ ನನ್ನ ಕೈಯಿಂದ ಕೊಡುವುದಿಲ್ಲ" ಎಂದರು. ಹೊಲಿಗೆ ಬಿಚ್ಚಿ ಸತ್ತ ಯಾರದೋ ಕಥೆ ಅವರ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಸೊಸೆಯ ಬಗೆಗಿನ ಭಯವೆಲ್ಲ ಪ್ರೀತಿಯಿಂದಲೇ ಬಂದದ್ದು. ಅದರ ಎದುರು ವಾದ ಹೂಡುವುದು ಕಷ್ಟ.

ಸಂಜೆ ಬ್ರಾಂಚಿಗೆ ಹೋಗಿ ಹೇಳಿದೆ. ಅವರು ಹೆಬ್ಬೆರಳನ್ನು ಇನ್ನೊಂದು ಕೈಯಿಂದ ತಿಕ್ಕಿಕೊಂಡರು.

"ನಿನ್ನ ಅಮ್ಮ ಡಾಕ್ಟರಿಗೆ ಹೆದರುವುದಿಲ್ಲ. ನನಗೆ ಹೆದರ್ತಾರೆ."

ಅವರು ತಮ್ಮ ಮನಸ್ಸಿನಲ್ಲಿದ್ದ ಉಪಾಯ ಹೇಳಿದಾಗ ನಾನು ಒಪ್ಪಿದೆ. ಒಪ್ಪಿ ತಪ್ಪು ಮಾಡಿದೆನೇ ಎಂಬ ಪ್ರಶ್ನೆ ಮುಂದಿನ ಎರಡು ವಾರ ನನ್ನ ಜೊತೆಗೇ ಇತ್ತು.

ಮರುದಿನ ಅಮ್ಮ ಬುಟ್ಟಿ ಒಯ್ದಾಗ ನಡೆದದ್ದನ್ನು ನಾನು ಕಂಡಿಲ್ಲ. ಆಗ ನಾನು ಬಸ್ಸಿನಲ್ಲಿದ್ದೆ. ಅಮ್ಮನೇ ಸಿಟ್ಟಿನಿಂದ ಫೋನ್ ಮಾಡಿ ಹೇಳಿದರು. ಬುಟ್ಟಿ ಇಟ್ಟೊಡನೆ ಚೆಕ್ಕರಣ್ಣ ಸೊಸೆಯ ಕಟ್ಟುಗಳನ್ನೆಲ್ಲ ಹೊರತೆಗೆದು ಎಲ್ಲರ ಎದುರು ಸಾಲಾಗಿ ಇಟ್ಟರಂತೆ.

"ಅಕ್ಕಾ, ನಿಮ್ಮ ಬುಟ್ಟಿಯಿಂದ ಇದುವರೆಗೆ ಒಂದು ಕಟ್ಟು ತಳ್ಳಿದ್ದೇನಾ?"

"ಇಲ್ಲ."

"ಇನ್ನು ತಳ್ಳಬೇಕಾಗ್ತದೆ. ಸೊಸೆಯ ಕೈಯಲ್ಲಿ ಬಲ ಇಲ್ಲ. ಇವತ್ತಿನಿಂದ ಅವಳ ಎಲೆ ಅರ್ಧ ಮಾಡ್ತೇನೆ. ಅರ್ಧ ತಂದರೆ ಸಾಕು, ಆದರೆ ಮಧ್ಯಾಹ್ನದ್ದೂ ಬೆಳಿಗ್ಗಿನ ಹಾಗೆ ಗಟ್ಟಿ ಬೇಕು. ಬೆರಳಿಗೆ ಬಲ ಬರಬೇಕಾದರೆ ಬೇಳೆ, ಸೊಪ್ಪು, ಮೊಟ್ಟೆ ಹೋಗಬೇಕು. ಎರಡು ವಾರ ನೋಡ್ತೇನೆ. ಸರಿಯಾಗದಿದ್ದರೆ ನಿಮ್ಮ ಹೆಸರಿನ ಬುಟ್ಟಿಯಿಂದಲೇ ತಳ್ತೇನೆ."

"ಇವನು ಯಾರು ನನ್ನ ಸೊಸೆಗೆ ಎಂತ ತಿನ್ನಿಸಬೇಕು ಅಂತ ಹೇಳಲಿಕ್ಕೆ?" ಎಂದು ಅಮ್ಮ ಫೋನಿನಲ್ಲಿ ಕೂಗಿದರು. "ಎಲ್ಲರ ಎದುರು! ಮೂವತ್ತು ವರ್ಷದಲ್ಲಿ ಯಾರಾದರೂ ಒಂದು ಮಾತು ಹೇಳಿದ್ದುಂಟಾ ನನಗೆ?"

ಆ ರಾತ್ರಿಯಿಂದಲೇ ಸೊಸೆಯ ಬಟ್ಟಲಿಗೆ ಬೇಳೆ ಬಂತು. ಮರುದಿನ ಸೊಪ್ಪು. ಮೂರನೆಯ ದಿನ ಅರ್ಧ ಮೊಟ್ಟೆ. ಅದನ್ನು ತಿನ್ನಿಸಿ ಅಮ್ಮ ರಾತ್ರಿಯಿಡೀ ಕುಳಿತು ಸೊಸೆಯ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದರಂತೆ. ಹೊಲಿಗೆ ಬಿಚ್ಚಲಿಲ್ಲ. ನಾಲ್ಕನೆಯ ದಿನ ಇಡೀ ಮೊಟ್ಟೆ. ಸೊಸೆಗೆ ಕಡಿಮೆಯಾದ ಎಲೆಯನ್ನು ಹಟದಿಂದ ಅಮ್ಮನೇ ಕಟ್ಟಿದರು.

ಚೆಕ್ಕರಣ್ಣ ದಿನಕ್ಕೊಮ್ಮೆ ನನಗೆ ಫೋನ್ ಮಾಡುತ್ತಿದ್ದರು. "ಅವಳು ತಳ್ಳುವ ಮಾತಿಗೆ ಹೆದರಿ ಬೆಳಗಾತ ಎದ್ದು ಕಟ್ಟುತ್ತಿಲ್ಲವಲ್ಲ? ನಿನ್ನ ತಮ್ಮನನ್ನು ಕೇಳು. ನಾನು ಅದನ್ನೇ ಪುನಃ ಮಾಡಿಬಿಟ್ಟೆನಾ?" ಇಲ್ಲ ಎಂದರೆ ನಂಬುತ್ತಿರಲಿಲ್ಲ. "ತಳ್ಳುವುದಿಲ್ಲ ಅಂತ ಅವಳಿಗೆ ಮಾತ್ರ ಗುಟ್ಟಿನಲ್ಲಿ ಹೇಳಲಿಕ್ಕೆ ಆಗ್ತದಾ?" ಎಂದು ಒಂದು ದಿನ. "ಬೇಡ, ಅವಳು ಅತ್ತೆಗೆ ಹೇಳಿಯಾಳು" ಎಂದು ಅದೇ ದಿನ ಇನ್ನೊಮ್ಮೆ. ಇಡೀ ಊರಿನ ಕಟ್ಟುಗಳಿಗೆ ಒಂದು ಗಳಿಗೆಯಲ್ಲಿ ತೀರ್ಪು ಹೇಳುತ್ತಿದ್ದ ಮನುಷ್ಯ ಈ ಒಂದು ವಿಷಯದಲ್ಲಿ ಗಂಟೆಗೊಮ್ಮೆ ಮನಸ್ಸು ಬದಲಿಸುತ್ತಿದ್ದರು.

ಒಂದು ವಾರದ ಮೇಲೆ ತೂಗಿದಾಗ ಚುಕ್ಕೆ ಇದ್ದಲ್ಲೇ ಇತ್ತು. ನಾನು ಅವರಿಗೆ ತಿಳಿಸಿದೆ. ಅವರು ಫೋನ್ ಇಟ್ಟುಬಿಟ್ಟರು. ಮರುದಿನ ಅವರು ಬ್ರಾಂಚಿಗೆ ಹೋಗಲಿಲ್ಲವೆಂದು ಕೇಳಿದೆ. ಅದು ಊರಿನಲ್ಲಿ ಸುದ್ದಿಯಾಗುವಷ್ಟು ಅಪರೂಪ.

ಎರಡನೆಯ ವಾರ ನಾನೇ ಹೋದೆ. ತಮ್ಮ ಮಂಗಳೂರಿಗೆ ಹೋಗಬೇಕಾದೀತೆಂದು ಒಂದು ಚೀಲದಲ್ಲಿ ಮಗುವಿನ ಬಟ್ಟೆ ತುಂಬಿಟ್ಟಿದ್ದ. ಅಂಗನವಾಡಿಗೆ ಅಮ್ಮನೂ ಬಂದರು. ತಕ್ಕಡಿಯಲ್ಲಿ ಮಲಗಿಸಿದ ಕೂಡಲೇ ಮಗು ಕಾಲು ಬಡಿದು ಕಿರುಚಿ ಅಳತೊಡಗಿತು. ಮುಳ್ಳು ನಿಲ್ಲಲು ಬಿಡಲಿಲ್ಲ. ಟೀಚರ್ ಮೂರು ಸಲ ತೂಗಿದರು. ನಾನು ಟೀಚರ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದೆ. ಅದು ಹಿಂದಿನ ಚುಕ್ಕೆಯಿಂದ ಸ್ವಲ್ಪ ಮೇಲಕ್ಕೆ ಹೋಗಿ ಊರಿತು. ಬಹಳವಲ್ಲ, ಅಚ್ಚಿನ ಗೆರೆಯಿಂದ ಇನ್ನೂ ಕೆಳಗೇ.

"ಏರಿದೆ" ಎಂದರು ಟೀಚರ್. "ಮಂಗಳೂರು ಸದ್ಯ ಬೇಡ. ಬಿಡಬೇಡಿ, ಹೀಗೇ ಮುಂದುವರಿಸುವ."

ಅಮ್ಮ ಅಳುವ ಮಗುವನ್ನು ಎತ್ತಿಕೊಂಡು, "ಮೂರು ಮನೆಗೆ ಕೇಳ್ತದೆ" ಎಂದರು.

ಬ್ರಾಂಚಿಗೆ ಹೋಗಿ ಹೇಳಿದಾಗ ಚೆಕ್ಕರಣ್ಣ, "ಎಷ್ಟು?" ಎಂದರು. ಹೇಳಿದೆ. ತಲೆ ಆಡಿಸಿ, ಮುಂದಿದ್ದ ಬುಟ್ಟಿಗೆ ಕೈ ಹಾಕಿದರು. ಎರಡು ಕಟ್ಟು ಒತ್ತಿ ನೋಡಿದರು. ಮೂರನೆಯದನ್ನು ಒತ್ತದೆ ಕೈಯಲ್ಲೇ ಹಿಡಿದುಕೊಂಡಿದ್ದರು.

ಆರು ತಿಂಗಳು ತುಂಬಿದ ಮೇಲೆ ಮಗುವಿಗೆ ರಾಗಿ ಹಿಟ್ಟು ಬೇಯಿಸಿದ ಮಣ್ಣಿ ಶುರುವಾಯಿತು. ನೀರು ನೀರು ಮಾಡಬಾರದು, ಚಮಚದಿಂದ ಹರಿದು ಹೋಗಬಾರದು ಎಂದು ಟೀಚರ್ ಹೇಳಿದ್ದರು. ಅಮ್ಮನ ಸಿಟ್ಟು ಆಗಲೂ ಪೂರ್ತಿ ಇಳಿದಿರಲಿಲ್ಲ. ಒಂದು ದಿನ ಬುಟ್ಟಿಯ ಜೊತೆಗೆ ಸ್ಟೀಲಿನ ಡಬ್ಬಿಯಲ್ಲಿ ಮಣ್ಣಿಯನ್ನೂ ಬ್ರಾಂಚಿಗೆ ಒಯ್ದು, ಚೆಕ್ಕರಣ್ಣನ ಮೇಜಿನ ಮೇಲೆ ಕುಕ್ಕಿದರಂತೆ. "ಇದನ್ನೂ ಒತ್ತಿ ನೋಡಿ. ತಳ್ಳುವುದಾದರೆ ಈಗಲೇ ತಳ್ಳಿ." ಅವರು ಕೈ ತೊಳೆದು ಬಂದು, ಹೆಬ್ಬೆರಳಿನಿಂದ ಮಣ್ಣಿಯ ಮೇಲೆ ಒತ್ತಿ, "ಗಟ್ಟಿ ಉಂಟು. ಒಳಗೆ ಹೋಗಲಿ" ಎಂದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಅಮ್ಮನೂ ನಕ್ಕರು. ಅಂದಿಗೆ ಜಗಳ ಮುಗಿಯಿತು.

ಈ ಕಥೆಯನ್ನು ಪತ್ರಿಕೆಗೆ ಬರೆಯಲೇ ಎಂದು ನಾನು ಚೆಕ್ಕರಣ್ಣನನ್ನು ಕೇಳಿದೆ. ಅವರು ಒಪ್ಪಲಿಲ್ಲ. "ನನ್ನ ಹೆಸರು ಹಾಕದಿದ್ದರೂ ಬೇಡ. ಅವಳು ಪೇಪರ್ ಓದ್ತಾಳೆ" ಎಂದರು. ಎಂಟು ದಿನ ಬದುಕಿದ ಮಗುವಿನ ತಾಯಿ ಈಗಲೂ ಅದೇ ಬ್ರಾಂಚಿಗೆ ಬೀಡಿ ತರುತ್ತಾರೆ ಎಂದು ನನಗೆ ಗೊತ್ತಾದದ್ದು ಆಗ.

ಕಳೆದ ಬೇಸಿಗೆಯಲ್ಲಿ ಕೆಮ್ಮು ಹೆಚ್ಚಾಗಿ ಚೆಕ್ಕರಣ್ಣ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ನರ್ಸ್ ಅವರ ಬಲಗೈಯ ಹೆಬ್ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿ, ಅಂಕೆ ಬಾರದೆ, ಪಕ್ಕದ ಬೆರಳಿಗೆ ಬದಲಿಸುತ್ತಿದ್ದರು. "ಇದೂ ತಳ್ಳಿತು" ಎಂದು ಚೆಕ್ಕರಣ್ಣ ನನಗೆ ಹೇಳಿದರು. ಅದು ನಾನು ಕೇಳಿದ ಅವರ ಕೊನೆಯ ಮಾತು. ವಾರದ ಒಳಗೆ ತೀರಿಕೊಂಡರು. ಆ ದಿನ ಬ್ರಾಂಚು ಮುಚ್ಚಿತ್ತು. ಅಮ್ಮ ಮನೆಯಲ್ಲಿ ಕೂಡ ಗೆರಸೆ ಮುಟ್ಟಲಿಲ್ಲ.

ಇದನ್ನು ಬರೆಯುವ ಮೊದಲು ನಾನು ಎಂಟು ದಿನ ಬದುಕಿದ ಮಗುವಿನ ಆ ತಾಯಿಯ ಮನೆ ಹುಡುಕಿಕೊಂಡು ಹೋದೆ. ಅವರು ಬೇಡವೆಂದರೆ ಬರೆಯುವುದಿಲ್ಲ ಎಂದು ನಿರ್ಧರಿಸಿದ್ದೆ. ಐವತ್ತರ ಹತ್ತಿರದ ಹೆಂಗಸು. ಗೆರಸೆಯನ್ನು ಪಕ್ಕಕ್ಕಿಟ್ಟು ನನ್ನ ಮಾತನ್ನು ಕೊನೆಯ ತನಕ ಕೇಳಿದರು.

"ಆಮೇಲೆ ಅವರು ನನ್ನ ಒಂದು ಕಟ್ಟೂ ತಳ್ಳಲಿಲ್ಲ" ಎಂದರು. "ತಳ್ಳಬೇಕಾದದ್ದು ಎಷ್ಟೋ ಇತ್ತು. ನನಗೇ ಗೊತ್ತಿತ್ತು, ಸಡಿಲ ಅಂತ. ಒತ್ತಿ ನೋಡ್ತಿದ್ದರು, ಒಳಗೆ ಹಾಕ್ತಿದ್ದರು. ಒಮ್ಮೆ ತಳ್ಳಿದ್ದರೆ ನನಗೂ ಬೈಯಲಿಕ್ಕೆ ಆಗ್ತಿತ್ತು. ಅದಕ್ಕೂ ಬಿಡ್ಲಿಲ್ಲ ಆ ಮನುಷ್ಯ."

ನಾನು ಟಿಪ್ಪಣಿ ಪುಸ್ತಕ ತೆರೆದಿರಲಿಲ್ಲ. ತೆರೆಯಲೂ ಇಲ್ಲ.

"ಬರೀರಿ" ಎಂದರು. "ಹೆಸರು ಬೇಡ." ಗೆರಸೆಯನ್ನು ಪುನಃ ತೊಡೆಗೆ ಎಳೆದುಕೊಂಡು, ಒಂದು ಎಲೆ ತೆಗೆದುಕೊಂಡವರು ಕೈ ತಡೆದು ಕೇಳಿದರು:

"ನಿಮ್ಮ ಮನೆಯ ಆ ಮಗು, ಈಗ ಎಷ್ಟು ತೂಗ್ತದೆ?"

ನನಗೆ ಗೊತ್ತಿರಲಿಲ್ಲ. ಅವರ ಜಗಲಿಯಲ್ಲೇ ಕುಳಿತು ಮನೆಗೆ ಫೋನ್ ಮಾಡಿದೆ.